ತಿರುಪತಿಯಿಂದ ಎರಡು ಗಂಟೆ ಮುಂದೆ

ನಮ್ಮ ಊರಿನಲ್ಲಿ ತಿರುಪತಿ ನೋಡದ ಹೆಣ್ಣುಮಗಳನ್ನು ಹುಡುಕಬೇಕಾದರೆ ದೀಪ ಹಿಡಿದು ಹೊರಡಬೇಕು. ಕೋಲಾರ ಜಿಲ್ಲೆಯ ಗಡಿಗೆ ಅಂಟಿಕೊಂಡ ಸಣ್ಣ ಪೇಟೆ ನಮ್ಮದು. ಸಂಜೆ ಬಸ್ಸು ಹತ್ತಿದರೆ ರಾತ್ರಿ ಕಳೆಯುವುದರೊಳಗೆ ಬೆಟ್ಟದ ಬುಡದಲ್ಲಿರುತ್ತೇವೆ. ಮಗು ಹುಟ್ಟಿದರೆ ತಿರುಪತಿ, ಮುಡಿ ಕೊಡಲು ತಿರುಪತಿ, ಎಸ್ಸೆಸ್ಸೆಲ್ಸಿ ಪಾಸಾದರೆ ತಿರುಪತಿ, ಮದುವೆ ಗೊತ್ತಾಗದಿದ್ದರೂ ತಿರುಪತಿ, ಗೊತ್ತಾದರೂ ತಿರುಪತಿ. ಹೊತ್ತಲ್ಲದ ಹೊತ್ತಿನಲ್ಲಿ ಬಸ್ಸಿನಿಂದ ಇಳಿಯುತ್ತೇವೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತೇವೆ, ಛತ್ರದ ನೆಲದ ಮೇಲೆ ಸೀರೆ ಹಾಸಿ ಮಲಗುತ್ತೇವೆ. ಬೆಳೆದ ಹೆಣ್ಣುಮಕ್ಕಳೂ ನಮ್ಮ ಪಕ್ಕದಲ್ಲೇ ಇರುತ್ತಾರೆ. ಬಿಸಿಲು, ಗುಂಪು, ದೂರ, ರಾತ್ರಿ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ನಾನೂ ಹೋಗಿದ್ದೇನೆ, ಮುಂದೆಯೂ ಹೋಗುವವಳೇ. ಆದ್ದರಿಂದ ನನ್ನ ತಕರಾರು ತಿರುಪತಿಯ ಬಗ್ಗೆ ಅಲ್ಲ. ತಿರುಪತಿಯಿಂದ ಇನ್ನೊಂದು ಎರಡು ಗಂಟೆ ಮುಂದೆ ಹೋದರೆ ಶ್ರೀಹರಿಕೋಟೆ ಇದೆ. ಅಲ್ಲಿಗೆ ಮಾತ್ರ ನಮ್ಮ ಹುಡುಗಿಯರನ್ನು ಕಳಿಸಲು ನಮಗೆ ಬಿಸಿಲು, ಗುಂಪು, ದೂರ, ರಾತ್ರಿ ಎಲ್ಲವೂ ಒಟ್ಟಿಗೇ ನೆನಪಾಗುತ್ತವಲ್ಲ, ನನ್ನ ತಕರಾರು ಅದರ ಬಗ್ಗೆ.

ನಾನು ವಿಜ್ಞಾನದ ಟೀಚರಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಇತಿಹಾಸ, ಭೂಗೋಳ ಕಲಿಸುತ್ತಾ ತಲೆ ನರೆಸಿಕೊಂಡವಳು. ಶ್ರೀಹರಿಕೋಟೆ ನನಗೆ ನಕಾಶೆಯ ಮೇಲಿನ ಒಂದು ಚುಕ್ಕೆಯಾಗಿತ್ತು. ಪೂರ್ವಕ್ಕೆ ಬಂಗಾಳ ಕೊಲ್ಲಿ, ಏನಾದರೂ ಹೆಚ್ಚುಕಮ್ಮಿಯಾಗಿ ಬಿದ್ದರೆ ನೀರಿಗೆ ಬೀಳಲಿ ಎಂದು. ಭೂಮಧ್ಯ ರೇಖೆಗೆ ಹತ್ತಿರ, ಭೂಮಿ ಪೂರ್ವಕ್ಕೆ ತಿರುಗುವ ವೇಗವೂ ರಾಕೆಟ್ಟಿಗೆ ಕೈಕೊಡಲಿ ಎಂದು. ಇಷ್ಟನ್ನು ವರ್ಷ ವರ್ಷವೂ ಹೇಳುತ್ತಿದ್ದೆ. 2019ರಲ್ಲಿ ಅಲ್ಲಿ ಸಾರ್ವಜನಿಕರು ಕೂತು ನೋಡಲು ಗ್ಯಾಲರಿ ತೆರೆದರು, ಹೆಸರು ನೋಂದಾಯಿಸಿದರೆ ನಮ್ಮಂಥವರೂ ಹೋಗಬಹುದು ಎಂದು ತಿಳಿದಾಗ, ಒಂದು ಸಲವಾದರೂ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದು ಮನಸ್ಸಿನಲ್ಲಿಟ್ಟುಕೊಂಡೆ. 2023ರ ಜುಲೈನಲ್ಲಿ ಚಂದ್ರಯಾನ-3 ಹೊರಡುತ್ತದೆ ಎಂದಾಗ ಆ ಕಾಲ ಕೂಡಿಬಂತು.

ಹೆಡ್ ಮಾಸ್ಟರರು ಒಪ್ಪಿದರು. ವಿಜ್ಞಾನದ ಮೇಷ್ಟ್ರು ತಾವೂ ಬರುತ್ತೇನೆ, ಹೆಣ್ಣುಮಕ್ಕಳಿರುವುದರಿಂದ ಮನೆಯವರನ್ನೂ ಕರೆತರುತ್ತೇನೆ ಎಂದರು. ಹದಿನಾಲ್ಕು ಮಕ್ಕಳ ಪಟ್ಟಿ ಮಾಡಿದೆ. ಎಂಟು ಹುಡುಗಿಯರು, ಆರು ಹುಡುಗರು. ಎಲ್ಲರ ಹೆಸರನ್ನೂ ನೋಂದಾಯಿಸಿಯೂ ಆಯಿತು. ಹೊರಡುವ ಸಂಜೆ ಬಸ್ ನಿಲ್ದಾಣಕ್ಕೆ ಬಂದವರು ಆರು ಹುಡುಗರು, ಇಬ್ಬರು ಹುಡುಗಿಯರು.

ಉಳಿದ ಆರು ಮನೆಗಳಿಗೆ ನಾನೇ ಹೋಗಿದ್ದೆ. ಒಂದೊಂದು ಮನೆಯಲ್ಲೂ ಕಾಫಿ ಕೊಟ್ಟರು, ಅರಿಶಿನ ಕುಂಕುಮ ಕೊಟ್ಟರು, ಮಗಳನ್ನು ಮಾತ್ರ ಕೊಡಲಿಲ್ಲ. "ಫೋನಲ್ಲೇ ಎಲ್ಲಾ ತೋರಿಸ್ತಾರಲ್ಲ ಮೇಡಂ, ಅಷ್ಟು ದೂರ ಯಾಕೆ?" ಎಂದರು ಒಬ್ಬರು. "ಅವ್ರಪ್ಪ ಬೇಡ ಅಂದ್ಬಿಟ್ರು, ನಾನೇನು ಮಾಡ್ಲಿ ಹೇಳಿ" ಎಂದರು ಇನ್ನೊಬ್ಬರು. ಅವ್ರಪ್ಪ ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತಿದ್ದರು, ಅವರನ್ನು ಯಾರೂ ಕೇಳಿದಂತೆ ಕಾಣಲಿಲ್ಲ. "ಡೇಟು ಹತ್ರ ಇದೆ ಮೇಡಂ, ದಾರೀಲಿ ಆಗ್ಬಿಟ್ರೆ?" ಎಂದು ಮತ್ತೊಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿ ನಗುತ್ತಲೇ ಹೇಳಿದರು: "ನಾಳೆ ನೋಡೋಕೆ ಬಂದೋರು ರಾಕೆಟ್ ನೋಡಿದ್ಯಾ ಅಂತ ಕೇಳ್ತಾರಾ ಮೇಡಂ?"

ಕಳಿಸಿದ ಇಬ್ಬರಲ್ಲಿ ಒಬ್ಬಳ ತಾಯಿ ಬಸ್ ನಿಲ್ದಾಣದ ಎದುರು ಹೂವು ಮಾರುವವರು. ಅವರು ಕೇಳಿದ್ದು ಎರಡೇ ಪ್ರಶ್ನೆ. "ನೀವು ಜೊತೇಲಿ ಇರ್ತೀರಲ್ಲ ಮೇಡಂ? ಊಟಕ್ಕೆ ಎಷ್ಟು ಕೊಟ್ಟು ಕಳಿಸ್ಲಿ?" ವಿದ್ಯೆಯಿಂದ ಧೈರ್ಯ ಬರುತ್ತದೆ ಎಂದು ಮೂವತ್ತು ವರ್ಷದಿಂದ ತರಗತಿಯಲ್ಲಿ ಹೇಳಿಕೊಂಡು ಬಂದ ನನಗೆ ಆ ದಿನ ಸ್ವಲ್ಪ ನಾಚಿಕೆಯಾಯಿತು.

ಬಾರದ ಆರು ಜನರಲ್ಲಿ ಒಬ್ಬಳ ವಿಷಯ ಹೇಳಲೇಬೇಕು. ಆಗ ಅವಳು ಹತ್ತನೇ ತರಗತಿ. ಮೂರನೇ ಬೆಂಚಿನಲ್ಲಿ ಗೋಡೆಯ ಪಕ್ಕ ಕೂರುತ್ತಿದ್ದಳು. ರಾಕೆಟ್ ನೆಟ್ಟಗೆ ಮೇಲಕ್ಕೇ ಹೋಗದೆ ಯಾಕೆ ಬಾಗುತ್ತದೆ ಎಂದು ಭೂಗೋಳದ ಪಾಠದ ನಡುವೆ ನನ್ನನ್ನು ಕೇಳಿ ಸಿಕ್ಕಿಹಾಕಿಸಿದವಳು ಅವಳೇ. ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡು ಬಂದು ಮಾರನೆಯ ದಿನ ಉತ್ತರ ಹೇಳಿದೆ: ಬರೀ ಮೇಲಕ್ಕೆ ಎಸೆದ ಕಲ್ಲು ಕೆಳಕ್ಕೇ ಬೀಳುತ್ತದೆ, ಭೂಮಿಯನ್ನು ಸುತ್ತಬೇಕಾದರೆ ಅಡ್ಡಕ್ಕೆ ವೇಗ ಬೇಕು, ಅದಕ್ಕೇ ಬಾಗುವುದು. ಅವಳು ತಲೆಯಾಡಿಸಿ, "ಹಾಗಾದ್ರೆ ಶಬ್ದ, ಮಿಸ್? ಬೆಂಕಿ ಕಂಡ ಎಷ್ಟು ಹೊತ್ತಿಗೆ ಶಬ್ದ ಬರುತ್ತೆ?" ಎಂದಳು. ಶಬ್ದಕ್ಕೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ ಮೂರು ಸೆಕೆಂಡು ಬೇಕು, ಅಲ್ಲಿಗೆ ಹೋದಾಗ ನೀನೇ ಎಣಿಸು, ಎಷ್ಟು ದೂರದಲ್ಲಿ ಕೂತಿದ್ದೇವೆ ಎಂಬ ಲೆಕ್ಕವೂ ಸಿಕ್ಕುತ್ತದೆ ಎಂದಿದ್ದೆ. ಅವಳನ್ನು ಕಳಿಸಲಿಲ್ಲ. ಎಂಟನೇ ತರಗತಿಯಲ್ಲಿದ್ದ ಅವಳ ತಮ್ಮನನ್ನು ಕಳಿಸಿದರು. ಅವನು ಒಳ್ಳೆಯ ಹುಡುಗ, ಅವನ ತಪ್ಪೇನೂ ಇಲ್ಲ. ದಾರಿಯುದ್ದಕ್ಕೂ ನಿದ್ದೆ ಮಾಡಿದ.

ಜುಲೈ 14, ಶುಕ್ರವಾರ. ತಿರುಪತಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಸೂಳ್ಳೂರುಪೇಟೆ ತಲುಪಿ, ಪುಲಿಕಾಟ್ ಸರೋವರದ ನಡುವಿನ ರಸ್ತೆಯಲ್ಲಿ ದ್ವೀಪಕ್ಕೆ ಹೋದೆವು. ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೂರದೂರದ ಊರುಗಳಿಂದ ಬಂದವರು, ಶಾಲೆಯ ಸಮವಸ್ತ್ರದ ಮಕ್ಕಳು, ಬಾವುಟ ಹಿಡಿದವರು. ಬಿಸಿಲಿಗೆ ನನ್ನ ಕುತ್ತಿಗೆ ಉರಿಯುತ್ತಿತ್ತು. ತಂದಿದ್ದ ಚಿತ್ರಾನ್ನ ಹನ್ನೊಂದು ಗಂಟೆಗೇ ಖಾಲಿಯಾಗಿತ್ತು.

ಮಧ್ಯಾಹ್ನ 2 ಗಂಟೆ 35 ನಿಮಿಷ. ಮರಗಳ ಸಾಲಿನ ಮೇಲೆ ಮೊದಲು ಕಂಡದ್ದು ಬೆಳಕು. ಹಗಲಿನ ಬೆಳಕನ್ನೂ ಮಂಕು ಮಾಡುವ ಬೆಳಕು. ನಲವತ್ಮೂರೂವರೆ ಮೀಟರ್ ಎತ್ತರದ, ಸುಮಾರು 640 ಟನ್ ತೂಕದ ಅದು ನಿಧಾನವಾಗಿ, ಅನುಮಾನಿಸುತ್ತಿದೆಯೋ ಎಂಬಂತೆ ಎದ್ದಿತು. ಶಬ್ದವೇ ಇಲ್ಲ. ಜನರ ಕೂಗು ಮಾತ್ರ. ಆಮೇಲೆ ಬಂತು ಶಬ್ದ. ಅದನ್ನು ಕಿವಿಯಿಂದ ಕೇಳಿದೆ ಎಂದು ಹೇಳಲಾರೆ. ಎದೆಗೂಡಿನೊಳಗೆ ಯಾರೋ ಹಾಸುಗಲ್ಲು ಎಳೆದಂತಾಯಿತು, ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿತು. ಹೂವಿನವರ ಮಗಳು ನನ್ನ ಕೈಯನ್ನು ಹಿಡಿದ ಬಿಗಿಗೆ ಒಂದು ಬಳೆ ಒಡೆಯಿತು. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದು ಮೋಡದ ಮೇಲೆ ಬಿಳಿಯ ಹೊಗೆಯ ದಾರಿಯೊಂದು ಉಳಿಯಿತು. ಸುಮಾರು ಹದಿನಾರು ನಿಮಿಷಕ್ಕೆ ನೌಕೆ ರಾಕೆಟ್ಟಿನಿಂದ ಬೇರೆಯಾಯಿತು ಎಂದು ಹೇಳಿದಾಗ, ಅಪರಿಚಿತರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಸೋಮವಾರ ಶಾಲೆಗೆ ಹೋದಾಗ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಮಿಸ್, ಶಬ್ದ ಎಷ್ಟು ಸೆಕೆಂಡಿಗೆ ಬಂತು? ಅವನ್ನ ಕೇಳಿದ್ರೆ ಜೋರಾಗಿತ್ತು ಅಂತಾನೆ ಅಷ್ಟೇ." ನನ್ನ ಬಳಿ ಉತ್ತರವಿರಲಿಲ್ಲ. ಎಣಿಸುವುದನ್ನು ನಾನೂ ಮರೆತಿದ್ದೆ, ಮೇಷ್ಟ್ರೂ ಮರೆತಿದ್ದರು. ಎಣಿಸಬೇಕು ಎಂದುಕೊಂಡಿದ್ದವಳು ಒಬ್ಬಳೇ, ಅವಳು ಅಲ್ಲಿರಲಿಲ್ಲ.

ಈಗ ಆ ತಾಯಂದಿರ ಮಾತುಗಳಿಗೆ ಬರುತ್ತೇನೆ. ಅವರು ಕೆಟ್ಟವರಲ್ಲ, ನನ್ನಂಥವರೇ, ನಿಮ್ಮಂಥವರೇ. ಆದರೆ ಅವರ ಮಾತು ಸರಿಯಲ್ಲ.

ಫೋನಿನಲ್ಲಿ ತೋರಿಸುತ್ತಾರೆ ಎಂಬುದು ನಿಜ. ಇನ್ನೂ ಒಂದು ನಿಜ ಹೇಳುತ್ತೇನೆ: ಫೋನಿನಲ್ಲಿ ನನಗಿಂತ ಚೆನ್ನಾಗಿ ನೀವು ನೋಡಿದ್ದೀರಿ. ನನಗೆ ಕಂಡದ್ದು ಮರಗಳ ಮೇಲಿನ ಒಂದು ಉರಿಯುವ ಗೆರೆ. ಆದರೆ ಮದುವೆಯ ವಿಡಿಯೋ ಬರುತ್ತದೆ ಎಂದು ನಾವು ಯಾರಾದರೂ ತಂಗಿಯ ಮದುವೆಗೆ ಹೋಗದೆ ಮನೆಯಲ್ಲಿ ಕೂತಿದ್ದೇವೆಯೇ? ತಿಮ್ಮಪ್ಪನ ಸೇವೆಯೂ ದಿನಾ ಟಿ.ವಿ.ಯಲ್ಲಿ ಬರುತ್ತದೆ, ಬಸ್ಸುಗಳೇನೂ ಖಾಲಿ ಓಡುತ್ತಿಲ್ಲ. ಕಣ್ಣಾರೆ ನೋಡುವುದರ ಬೆಲೆ ನಮಗೆ ಚೆನ್ನಾಗಿ ಗೊತ್ತು. ಮಗಳಿಗೆ ಅದು ಬೇಕಾಗುತ್ತದೆ ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಸರಿ, ಟಿ.ವಿ.ಯಲ್ಲೇ ನೋಡಲಿ ಎಂದವರು ಅದನ್ನಾದರೂ ನಡೆಸಿಕೊಟ್ಟರೇ? ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯಿತು. ನಮ್ಮ ಶಾಲೆಯಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸಿದೆವು. ಕತ್ತಲಾಗುತ್ತದೆ ಎಂದು ಹೆಚ್ಚಿನ ಹುಡುಗಿಯರು ಐದು ಗಂಟೆಗೇ ಮನೆಗೆ ಹೋದರು. ನೀನು ಮನೆಯಲ್ಲಿ ನೋಡಿದೆಯಾ ಎಂದು ಮಾರನೆಯ ದಿನ ಮೂರನೇ ಬೆಂಚಿನವಳನ್ನು ಕೇಳಿದೆ. "ಇಲ್ಲ ಮಿಸ್, ಆ ಹೊತ್ತಿಗೆ ರಾಗಿ ಹಿಟ್ಟು ಮಾಡಿಸ್ಕೊಂಡು ಬರೋಕೆ ಮಿಲ್ಲಿಗೆ ಕಳಿಸಿದ್ರು" ಎಂದಳು. ಮಿಲ್ಲು ಮನೆಯಿಂದ ಒಂದು ಕಿಲೋಮೀಟರ್. ಹಿಟ್ಟಿನ ಚೀಲ ಹೊತ್ತಾಗ ಕತ್ತಲು ಅಡ್ಡ ಬರುವುದಿಲ್ಲ, ನೋಡಿ.

ಅದೇ ರಾತ್ರಿ ಆ ಎಲ್ಲ ತಾಯಂದಿರೂ ನನ್ನ ಫೋನಿಗೆ ಚಿತ್ರಗಳನ್ನು ಕಳಿಸಿದರು. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಗುತ್ತಿರುವ ಇಸ್ರೋ ಹೆಂಗಸರ ಚಿತ್ರ. ಅದು 2014ರದು, ಮಂಗಳಯಾನ ಮಂಗಳನನ್ನು ತಲುಪಿದಾಗ ತೆಗೆದದ್ದು, ಆದರೆ ಇರಲಿ. "ಸೀರೆಯುಟ್ಟ ನಾರಿ, ಚಂದ್ರನಿಗೂ ದಾರಿ" ಅಂತ ಯಾರೋ ಬರೆದಿದ್ದರು. ಆ ಹೆಂಗಸರು ಏನು ಉಟ್ಟಿದ್ದರು ಎಂದು ನಮಗೆಲ್ಲ ಗೊತ್ತು. ಏನು ಮಾಡಿದರು ಎಂದು ಕೇಳಿದರೆ ಎಷ್ಟು ಜನ ಹೇಳುತ್ತೇವೆ? ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಲ್. 2023ರ ಸೆಪ್ಟೆಂಬರಿನಲ್ಲಿ ಸೂರ್ಯನ ಕಡೆ ಹೊರಟ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗರ್ ಶಾಜಿ. ಶ್ರೀಹರಿಕೋಟೆಯ ಎಷ್ಟೋ ಉಡಾವಣೆಗಳಲ್ಲಿ ಎಣಿಕೆಯ ದನಿಯಾಗಿದ್ದ ವಲರ್ಮತಿ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಈ ಹೆಸರುಗಳನ್ನು ನಾನು ಕರಿಹಲಗೆಯ ಮೇಲೆ ಬರೆಸಿದ್ದೇನೆ. ಇವರನ್ನೂ ಒಂದು ದಿನ ಯಾರೋ ತಾಯಿ ಬಸ್ ನಿಲ್ದಾಣಕ್ಕೆ ಕಳಿಸಿರಬೇಕಲ್ಲವೇ? ಇನ್ನೊಬ್ಬರ ಮಗಳ ಚಿತ್ರವನ್ನು ನೂರು ಜನಕ್ಕೆ ಕಳಿಸುವ ನಾವು, ನಮ್ಮ ಮಗಳನ್ನು ಒಂದು ಊರಿಗೆ ಕಳಿಸಲಾರೆವು. ಹೆಮ್ಮೆಗೆ ಖರ್ಚಿಲ್ಲ, ಬಸ್ ಚಾರ್ಜಿಗೆ ಖರ್ಚಿದೆ.

ಹುಡುಗಿಯರಿಂದ ಆಗದು ಎಂಬ ಮಾತೂ ಈಗ ಉಳಿದಿಲ್ಲ. ದೇಶದ 75 ಸರ್ಕಾರಿ ಶಾಲೆಗಳ 750 ಹುಡುಗಿಯರು ಕೈಹಾಕಿ ಮಾಡಿದ ಆಜಾದಿಸ್ಯಾಟ್ ಎಂಬ ಪುಟ್ಟ ಉಪಗ್ರಹ 2022ರ ಆಗಸ್ಟ್ 7ರಂದು ಶ್ರೀಹರಿಕೋಟೆಯಿಂದಲೇ ಹೊರಟಿತು. ರಾಕೆಟ್ ಸರಿಯಾದ ಕಕ್ಷೆಗೆ ಮುಟ್ಟಿಸಲಿಲ್ಲ, ಉಪಗ್ರಹ ಕೈತಪ್ಪಿತು. ಆರು ತಿಂಗಳಿಗೆ, 2023ರ ಫೆಬ್ರವರಿ 10ರಂದು, ಎರಡನೆಯದನ್ನು ಕಳಿಸಿದರು. ಅದು ಸೇರಬೇಕಾದಲ್ಲಿಗೆ ಸೇರಿತು. ಚಂದ್ರಯಾನ-2ರ ಲ್ಯಾಂಡರ್ ಕೂಡ 2019ರ ಸೆಪ್ಟೆಂಬರ್ 7ರಂದು ಕೊನೆಯ ಗಳಿಗೆಯಲ್ಲಿ ಬಿತ್ತು, ನಾಲ್ಕು ವರ್ಷ ಬಿಟ್ಟು ಅದರ ತಮ್ಮ ಇಳಿಯಿತು. ಯಂತ್ರ ಎಡವಿದರೆ ಇನ್ನೊಂದು ಸಲ ಕಳಿಸುತ್ತೇವೆ. ಹುಡುಗಿ ಒಂದು ವಿಷಯದಲ್ಲಿ ನಪಾಸಾದರೆ ಮನೆಯಲ್ಲಿರಲಿ ಎನ್ನುತ್ತೇವೆ.

ಭಯವೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ದಾರಿಯಲ್ಲಿ ಶೌಚಾಲಯ ಹುಡುಕಿ ಸಾಕಾಯಿತು, ಒಂದು ಕಡೆ ಬಾಗಿಲಿಗೆ ಚಿಲಕವಿರಲಿಲ್ಲ, ನಾನು ಹೊರಗೆ ಕಾವಲು ನಿಂತೆ. ಬಂದ ಇಬ್ಬರಲ್ಲಿ ಒಬ್ಬಳಿಗೆ ನಿಜವಾಗಿಯೂ ದಾರಿಯಲ್ಲೇ ಆಯಿತು. ಮೇಷ್ಟ್ರ ಮನೆಯವರ ಚೀಲದಲ್ಲಿ ಬೇಕಾದದ್ದಿತ್ತು, ಐದು ನಿಮಿಷದ ಕೆಲಸ. ಪ್ರಪಂಚದಲ್ಲಿ ಕೆಟ್ಟ ಕಣ್ಣುಗಳೂ ಇವೆ. ಆದರೆ ಇವಕ್ಕೆ ಉಪಾಯ ಚಿಲಕ ಹಾಕಿಸುವುದು, ಚೀಲ ಸಿದ್ಧ ಮಾಡುವುದು, ಜೊತೆಗೆ ಹೋಗುವುದು. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂದು ಮನೆಯ ಬಾಗಿಲಿಗೆ ಎರಡು ಚಿಲಕ ಹಾಕುವುದು ಯಾವ ನ್ಯಾಯ?

ಈ ಚಿಲಕದ ಸದ್ದು ನನಗೆ ಹಳೆಯ ಪರಿಚಯ. 1980ರ ಫೆಬ್ರವರಿ 16ರಂದು ಸೂರ್ಯಗ್ರಹಣ. ಕಾರವಾರ, ರಾಯಚೂರಿನ ಕಡೆ ಪೂರ್ಣ ಗ್ರಹಣ, ನಮ್ಮ ಕಡೆ ಅರೆಬರೆ. ನನಗೆ ಹತ್ತು ವರ್ಷ. ಅಮ್ಮ, ಅಜ್ಜಿ, ಚಿಕ್ಕಮ್ಮ ಎಲ್ಲರ ಜೊತೆ ನನ್ನನ್ನೂ ನಡುಮನೆಯಲ್ಲಿ ಕೂರಿಸಿ ಕಿಟಕಿ ಬಾಗಿಲು ಹಾಕಿದರು. ಅಣ್ಣ ಮಾತ್ರ ಹೇಗೋ ಹಿತ್ತಿಲಿಗೆ ಜಾರಿ, ಸಗಣಿ ನೀರಿನ ಬೋಗುಣಿಯಲ್ಲಿ ಕಚ್ಚಿದ ಸೂರ್ಯನನ್ನು ನೋಡಿ ಬಂದ. ಬೈಸಿಕೊಂಡ, ಅಷ್ಟೆ. ನಾನು ಅವನನ್ನು ಕೇಳಿದೆ, ಹೇಗಿತ್ತೋ ಎಂದು. "ಚೆನ್ನಾಗಿತ್ತು" ಎಂದ. ಮೂರನೇ ಬೆಂಚಿನ ಹುಡುಗಿ ತಮ್ಮನ ಮಾತನ್ನು ಹೇಳಿದಾಗ ನನಗೆ ಆ ನಡುಮನೆಯ ಕತ್ತಲು ನೆನಪಾಯಿತು. ನಲವತ್ತಮೂರು ವರ್ಷದಲ್ಲಿ ದೇಶ ಚಂದ್ರನಿಗೆ ಹೋಯಿತು. ಹೆಣ್ಣುಮಗಳಿಗೆ ಆಕಾಶದ ಸುದ್ದಿ ಇನ್ನೂ ಗಂಡುಹುಡುಗನ ಬಾಯಿಂದಲೇ ಬರಬೇಕು, ಅದೂ ಒಂದೇ ಮಾತಿನಲ್ಲಿ.

ಇಷ್ಟೆಲ್ಲ ಒಂದು ದಿನದ ಪ್ರವಾಸಕ್ಕಾಗಿಯೇ ಎಂದು ನೀವು ಕೇಳಬಹುದು. ಅದು ಒಂದು ದಿನದ್ದಾಗಿದ್ದರೆ ನಾನು ಈ ಮಾತು ಬರೆಯುತ್ತಿರಲಿಲ್ಲ. 2024ರಲ್ಲಿ ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಾಲೆಗೇ ಮೊದಲು ಬಂದಳು. ವಿಜ್ಞಾನ ಓದಬೇಕೆಂದಿದ್ದಳು. ಅವಳು ಓದಬೇಕೆಂದಿದ್ದ ವಿಜ್ಞಾನದ ಕಾಲೇಜು ಪಕ್ಕದ ಊರಿನಲ್ಲಿದೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. "ದಿನಾ ಬಸ್ಸು ಯಾಕೆ ಮೇಡಂ, ಇಲ್ಲೇ ಕಾಮರ್ಸ್ ಇದೆಯಲ್ಲ" ಎಂದರು ಅವರ ತಾಯಿ. ಕಾಮರ್ಸ್ ಕೀಳೆಂದು ನಾನು ಹೇಳುವುದಿಲ್ಲ. ಅವಳೇ ಆರಿಸಿಕೊಂಡಿದ್ದರೆ ಸಂತೋಷಪಡುತ್ತಿದ್ದೆ. ಅವಳಿಗಾಗಿ ಅದನ್ನು ಆರಿಸಿದ್ದು ಮುಕ್ಕಾಲು ಗಂಟೆಯ ಬಸ್ಸು. ಶ್ರೀಹರಿಕೋಟೆಗೆ ಬೇಡ ಎಂದಾಗ ನಾವು ಒಂದು ರಾಕೆಟ್ಟನ್ನು ತಪ್ಪಿಸಿದೆವು ಎಂದುಕೊಂಡಿದ್ದೆವು. ಆದರೆ ಬೇಡ ಎನ್ನುವುದೂ ಒಂದು ಅಭ್ಯಾಸ. ಮೊದಲ ಸಲ ಹೇಳುವಾಗ ಕಷ್ಟ, ಎರಡನೆಯ ಸಲ ಸಲೀಸು. ಕೇಳಿಸಿಕೊಳ್ಳುವವಳಿಗೂ ಹಾಗೆಯೇ, ಎರಡನೆಯ ಸಲ ಅವಳು ನನ್ನ ಬಳಿ ಬಂದು ಅಳಲೂ ಇಲ್ಲ.

ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಆ ಆರು ಮನೆಗಳಲ್ಲಿ ಕಾಫಿ ಕುಡಿದು, ಕುಂಕುಮ ಇಟ್ಟುಕೊಂಡು, "ಆಯ್ತು ಬಿಡಿ, ಮುಂದಿನ ಸಲ ನೋಡೋಣ" ಎಂದು ಎದ್ದು ಬಂದವಳು ನಾನು. ಜಗಳ ಯಾಕೆ, ಊರಿನಲ್ಲಿ ಎಲ್ಲರೂ ಬೇಕು ಎಂದುಕೊಂಡೆ. ಮೂವತ್ತು ವರ್ಷ ನಕಾಶೆ ತೋರಿಸಿದವಳು ಒಂದು ಊರಿಗೆ ಕರೆದೊಯ್ಯುವ ಜಗಳ ಆಡಲಿಲ್ಲ. ಈಗ ಆಡುತ್ತಿದ್ದೇನೆ.

ನನಗೆ ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿವೆ. ಶ್ರೀಹರಿಕೋಟೆಯಿಂದ ರಾಕೆಟ್ಟುಗಳು ಹೋಗುತ್ತಲೇ ಇರುತ್ತವೆ. ಮತ್ತೆ ಪಟ್ಟಿ ಮಾಡುತ್ತೇನೆ, ಮತ್ತೆ ಮನೆಮನೆಗೆ ಬರುತ್ತೇನೆ. ನನ್ನ ಊರಿನವರಲ್ಲದ ನಿಮ್ಮ ಮನೆಗೂ ನನ್ನಂಥ ಯಾರೋ ಒಬ್ಬ ಟೀಚರು ಒಂದು ಸಂಜೆ ಬರಬಹುದು. ರಾಕೆಟ್ಟಿಗಲ್ಲದಿದ್ದರೆ ಒಂದು ತಾರಾಲಯಕ್ಕೆ, ಒಂದು ಆಟದ ಪಂದ್ಯಕ್ಕೆ, ಒಂದು ಶಿಬಿರಕ್ಕೆ ನಿಮ್ಮ ಮಗಳನ್ನು ಕೇಳಬಹುದು. ಕಾಫಿ ಬೇಡ. ಅವ್ರಪ್ಪನ ಹೆಸರು ಹೇಳುವ ಮೊದಲು ಅವ್ರಪ್ಪನನ್ನು ನಿಜವಾಗಿ ಕೇಳಿ. ಅವರು ಬೇಡ ಎಂದರೆ, ತಿರುಪತಿಗೆ ಹೋಗೋಣ ಎಂದು ಹಟ ಹಿಡಿಯುವಾಗ ಏನೇನು ಮಾಡುತ್ತೀರೋ ಅದನ್ನೆಲ್ಲ ಮಾಡಿ. ನಮ್ಮ ಹಟ ಎಷ್ಟು ಗಟ್ಟಿಯೆಂದು ನನಗೆ ಗೊತ್ತಿದೆ. ಜೊತೆಗೆ ನೀವೂ ಬನ್ನಿ. ನಾಲ್ಕು ಜನಕ್ಕೆ ಆಗುವಷ್ಟು ಪುಳಿಯೋಗರೆ ಕಟ್ಟಿಕೊಳ್ಳಿ, ತಲೆಗೊಂದು ಟವೆಲ್ ಇರಲಿ. ಮಗಳ ಕೈಗೆ ಒಂದು ಗಡಿಯಾರ ಕಟ್ಟಿ. ಬೆಳಕು ಕಂಡ ಎಷ್ಟು ಸೆಕೆಂಡಿಗೆ ಶಬ್ದ ಬಂತು ಎಂದು ಅವಳೇ ಎಣಿಸಲಿ.

ಎಣಿಸಿದ ಮೇಲೆ ನನಗೂ ತಿಳಿಸಿ. ನಾನು ಒಬ್ಬಳಿಗೆ ಉತ್ತರ ಹೇಳುವುದು ಬಾಕಿಯಿದೆ.